ಟೋನ್ಚಿಯ ದೊಡ್ಡ ಗಿರಾಕಿ

ದೋಣಿಕಟ್ಟೆಯ ಮೇಲೆ ತನ್ನದೇ ಹೆಸರು ಬರೆದ ರಟ್ಟನ್ನು ಎತ್ತಿಹಿಡಿದು ನಿಂತಿದ್ದ ಮನುಷ್ಯನನ್ನು ಕಂಡೂ ಕಾಣದವನಂತೆ ಓಟಕರ್ ವರ್ಬಿಕ್ ಮುಂದಕ್ಕೆ ನಡೆದುಬಿಟ್ಟ. ಆ ದಿನದ ಅನರ್ಥಕ್ಕೆಲ್ಲ ಮೂಲ ಅಷ್ಟೇ. ಟೊಪ್ಪಿಗೆಯನ್ನು ಹುಬ್ಬಿನವರೆಗೂ ಎಳೆದುಕೊಂಡು, ಮುಂದೆ ಹೋಗುತ್ತಿದ್ದ ದಪ್ಪ ಹೆಂಗಸೊಬ್ಬಳ ಕೋಳಿಬುಟ್ಟಿಗೆ ಕೇಳದೆಯೇ ಕೈ ಹಚ್ಚಿ, ಆಕೆಯ ಗಂಡನೇ ಇರಬೇಕು ಎಂಬಂತೆ ಹಡಗಿನಿಂದ ಇಳಿದ. ರಟ್ಟು ಹಿಡಿದಿದ್ದವನು ಮನೆ ದಲ್ಲಾಳಿ ಟೋನ್ಚಿ. ಅವನು ಪಾಪ, ಕೊನೆಯ ಮೇಕೆ ಇಳಿಯುವವರೆಗೂ ಒಬ್ಬೊಬ್ಬರ ಮುಖ ನೋಡಿ ನಗುತ್ತಲೇ ಇದ್ದ.

ಓಟಕರ್ ಬರ್ನೊ ಪಟ್ಟಣದವನು. ಮೂವತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಅಳತೆಯ ಲೋಟ ತಪಾಸಣೆ ಮಾಡಿ ನಿವೃತ್ತನಾದ ಸರ್ಕಾರಿ ನೌಕರ. ಅಷ್ಟು ವರ್ಷ ಕಸಾಯಿಯವರ ಹೆಬ್ಬೆರಳು ತಕ್ಕಡಿಯ ಮೇಲೆ ಎಲ್ಲಿದೆ ಎಂದು ನೋಡಿದ ಕಣ್ಣು ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನಿರುತ್ತದೆಯೇ? ಮನೆಗೆ ತಂದ ಸಕ್ಕರೆಯನ್ನು ಮತ್ತೊಮ್ಮೆ ತೂಗುತ್ತಿದ್ದ, ಗ್ಯಾಸ್ ಆರಿಸಿದ ಮೇಲೆ ಮೂರು ಸಲ ಮುಟ್ಟಿ ನೋಡುತ್ತಿದ್ದ, ಮಳೆ ಬರುವುದಿಲ್ಲ ಎಂದು ರೇಡಿಯೋ ಹೇಳಿದ ದಿನ ತಪ್ಪದೆ ಕೊಡೆ ಹಿಡಿಯುತ್ತಿದ್ದ. ಇಂಥವನ ಜೊತೆ ಮೂವತ್ತನಾಲ್ಕು ವರ್ಷ ಬಾಳಿದ ಹೆಂಡತಿ ಯರ್ಮಿಲಾ ತನಗಾಗಿ ಕೇಳಿದ್ದು ಒಂದೇ ಒಂದು. ಸಮುದ್ರ ಕಾಣುವ ಒಂದು ಮನೆ.

ಆ ಮನೆಯೂ ಸಿಕ್ಕಿತ್ತು. ಲೂಷ್ಕ ಎಂಬ ಪುಟ್ಟ ದ್ವೀಪದಲ್ಲಿ, ಗುಡ್ಡದ ಮೇಲೆ, ನೀಲಿ ಕಿಟಕಿಗಳ ಕಲ್ಲಿನ ಮನೆ. ಚಿತ್ರ ನೋಡಿದ ದಿನವೇ ಯರ್ಮಿಲಾ ಹಳದಿ ಬಟ್ಟೆ ತಂದು ಪರದೆ ಹೊಲಿಯಲು ಕೂತಳು. ಅಪಾರ್ಟ್‌ಮೆಂಟಿನ ಆರೂ ಮಹಡಿಯವರಿಗೆ ಹೇಳಿದಳು. ಟೋನ್ಚಿಯೊಂದಿಗೆ ಫೋನಿನಲ್ಲಿ ಮಾತಾಡಿದವಳೂ ಅವಳೇ. "ಈ ಸಲ ಏನಾದ್ರೂ ನೆಪ ಹೇಳಿ ಬರಿಗೈಲಿ ಬಂದ್ರೆ, ನಾನು ಆ ಪರದೇನ ಗೋರಿಗೆ ಹೊದಿಸ್ಕೋತೀನಿ ನೋಡಿ," ಎಂದು ಹೇಳಿ ಗಂಡನನ್ನು ಬಸ್ಸು ಹತ್ತಿಸಿದ್ದಳು. ಓಟಕರ್ ಹೆಂಡತಿಯನ್ನು ನಿಜವಾಗಿಯೂ ಪ್ರೀತಿಸುತ್ತಿದ್ದ. ಆ ಮನೆ ಬಿಟ್ಟು ಬರುವ ಯೋಚನೆಯೇ ಅವನಿಗೆ ಇರಲಿಲ್ಲ.

ಆದರೆ ಹೊರಡುವ ಹಿಂದಿನ ಸಂಜೆ ಷಡ್ಡಕ ಲುಬೋರ್ ಬಂದು ಕೂತ. ಲುಬೋರ್ ಎರಡು ವರ್ಷದ ಹಿಂದೆ ಪರದೇಶದಲ್ಲಿ ಕಡಲ ಕಿನಾರೆಯ ಫ್ಲ್ಯಾಟು ಕೊಂಡಿದ್ದ. ಅದರಿಂದ ಸಮುದ್ರ ಕಾಣುತ್ತಿದ್ದದ್ದು ನಿಜ. ಪಾಯಖಾನೆಯ ಕಮೋಡಿನ ಮೇಲೆ ಹತ್ತಿ ನಿಂತು ಬಲಕ್ಕೆ ಬಾಗಿದರೆ.

"ದಲ್ಲಾಳಿ ಮುಖಾನೇ ನೋಡ್ಬೇಡ ಮೊದ್ಲು," ಎಂದ ಲುಬೋರ್. "ಅವನಿಗಿಂತ ಮುಂಚೆ ನೀನೇ ಹೋಗಿ ಮನೆ ನೋಡು, ಊರಲ್ಲಿ ವಿಚಾರಿಸು. ಹೆಸರು ಹೇಳ್ಬೇಡ. ಮನೆ ಕೊಳ್ಳೋಕೆ ಬಂದೆ ಅಂತ ಸತ್ರೂ ಬಾಯಿ ಬಿಡ್ಬೇಡ. ಫೋನ್ ಆರಿಸಿಟ್ಕೋ, ಇಲ್ದಿದ್ರೆ ಬೆನ್ನು ಹತ್ತಿ ಬರ್ತಾನೆ. ಇನ್ನೊಬ್ಬ ಗಿರಾಕಿ ಇದಾನೆ ಅಂತ ಹೇಳೇ ಹೇಳ್ತಾರೆ. ಹಾಗೆ ಹೇಳಿದ್ರೋ, ಅಲ್ಲಿಗೆ ಮೋಸ ಶುರುವಾಯ್ತು ಅಂತ ತಿಳ್ಕೋ."

ಓಟಕರ್ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡ. ಆಮೇಲೆ ಯಾರ ಕೈಗಾದರೂ ಸಿಕ್ಕೀತೆಂದು ಬಾಯಿಪಾಠ ಮಾಡಿ ಚೀಟಿಯನ್ನು ಹರಿದುಹಾಕಿದ.

ಕೋಳಿಬುಟ್ಟಿಯ ಹೆಂಗಸಿನಿಂದ ಬಿಡಿಸಿಕೊಂಡು, ಅರ್ಧ ಗಂಟೆ ಗುಡ್ಡ ಹತ್ತಿ ಊರು ಸೇರಿದಾಗ ಹತ್ತು ಗಂಟೆ. ಮನೆ ಚಿತ್ರದಲ್ಲಿ ಇದ್ದ ಹಾಗೆಯೇ ಇತ್ತು. ಕೆಳಗೆ ಸಮುದ್ರ ಯಾವುದರ ಮೇಲೂ ಹತ್ತದೆ, ಎತ್ತಲೂ ಬಾಗದೆ ಕಾಣುತ್ತಿತ್ತು. ಓಟಕರನ ಎದೆ ತುಂಬಿ ಬಂತು. ತಕ್ಷಣ ಲುಬೋರನ ಮಾತು ನೆನಪಾಗಿ, ಕಹಿ ಕಷಾಯ ಕುಡಿದವನಂತೆ ಮುಖ ಕಿವುಚಿಕೊಂಡ.

ಮನೆಯ ಹೊರಗೋಡೆಗೆ ತಾಗಿ ಮೇಲಂತಸ್ತಿಗೆ ಹೋಗುವ ಕಲ್ಲಿನ ಮೆಟ್ಟಿಲುಗಳಿದ್ದವು. ಮೂರನೆಯ ಮೆಟ್ಟಿಲಿನ ಮೇಲೆ ಎಪ್ಪತ್ತರ ಆಸುಪಾಸಿನ ಒಬ್ಬ ಒಣಕಲು ಮನುಷ್ಯ ಕಾಲು ಚಾಚಿ ಕೂತಿದ್ದ.

"ಮನೆ ನಿಮ್ದಾ?" ಎಂದು ಓಟಕರ್ ಗಾಳಿಯನ್ನು ಕೇಳುವವನಂತೆ ಕೇಳಿದ. ಅವನ ಭಾಷೆ, ಇವರ ಭಾಷೆ ದಾಯಾದಿಗಳ ಹಾಗೆ. ನಿಧಾನವಾಗಿ ಆಡಿದರೆ ಒಬ್ಬರದು ಒಬ್ಬರಿಗೆ ತಿಳಿಯುತ್ತಿತ್ತು.

"ಮನೆ ಅಲ್ಲ, ಮೆಟ್ಟಿಲು ನಂದು," ಎಂದ ಅವನು. ಅವನ ಹೆಸರು ಯೆರ್ಕೊ. "ಹದಿನಾಲ್ಕು ಮೆಟ್ಟಿಲು, ಒಂದು ಕಟಕಟೆ. ಅಜ್ಜ ಸತ್ತಾಗ ಪಾಲಾಯ್ತಲ್ಲ, ಮೇಲಂತಸ್ತು ನನ್ನ ಚಿಕ್ಕಮ್ಮನ ಮಗಳು ಮಾಂದಾಗೆ ಹೋಯ್ತು, ಕೆಳಗಿಂದು ಇನ್ನೊಬ್ಬ ಮೊಮ್ಮಗ ಪಾಶ್ಕೊಗೆ. ನಂಗೆ ಇದು ಬಂತು."

"ಬರೀ ಮೆಟ್ಟಿಲಾ?"

"ಯಾಕೆ, ಮೆಟ್ಟಿಲು ಆಸ್ತಿ ಅಲ್ವಾ? ನಾನಿಲ್ದೆ ಇವ್ರು ಮೇಲೆ ಹತ್ತಲಿ ನೋಡಣ. ಮಾಂದಾ ಜೊತೆ ಮಾತು ಬಿಟ್ಟು ಹತ್ತೊಂಬತ್ತು ವರ್ಷ ಆಯ್ತು. ಅವಳು ಹಿಂದುಗಡೆಯಿಂದ ಏಣಿ ಹಾಕ್ಕೊಂಡು ಹೋಗ್ತಾಳೆ. ಎಪ್ಪತ್ತೆರಡು ವರ್ಷ ಅವಳಿಗೆ. ಚೆನ್ನಾಗಿ ಹತ್ತುತಾಳೆ, ಸುಳ್ಳು ಯಾಕೆ ಹೇಳಲಿ."

ಅಂಗಡಿಯವರ ತಕ್ಕಡಿಯಲ್ಲಿ ಎಷ್ಟೋ ಬಗೆಯ ಚಮತ್ಕಾರ ಕಂಡಿದ್ದ ಓಟಕರನಿಗೆ ಇದು ಹೊಸದಾಗಿತ್ತು. ಷಡ್ಡಕ ಹೇಳಿದ ಹಾಗೆ ಮೊದಲೇ ಬಂದು ವಿಚಾರಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಂಡ. ಇಲ್ಲದಿದ್ದರೆ ಆ ಟೋನ್ಚಿ ಮೇಲಂತಸ್ತು ಮಾರಿ, ಹತ್ತುವುದಕ್ಕೆ ಏಣಿ ತೋರಿಸುತ್ತಿದ್ದನೇನೋ.

"ಕೊಳ್ಳೋಕೆ ಬಂದ್ಯಾ ಮಾರಾಯ?" ಎಂದು ಯೆರ್ಕೊ ಕಣ್ಣು ಕಿರಿದು ಮಾಡಿ ಕೇಳಿದ.

"ನಾನಾ? ಛೆ. ಹಳೇ ಕಲ್ಲಿನ ಗೋಡೆ ನೋಡ್ಕೊಂಡು ತಿರುಗೋನು ನಾನು."

"ಹಾಗಾದ್ರೆ ಸರಿ. ಕೊಳ್ಳೋಕೆ ಬಂದಿದ್ರೂ ಪ್ರಯೋಜನ ಇರ್ಲಿಲ್ಲ. ಮನೆ ವ್ಯಾಪಾರದ ಮಾತು ಮುಗಿದುಹೋಗಿದೆ. ದಲ್ಲಾಳಿ ಟೋನ್ಚಿ ಮೂರು ತಿಂಗಳು ನಮ್ಮ ಮೂವರ ಕಾಲೂ ಹಿಡಿದು ಒಪ್ಪಿಸಿದಾನೆ. ಇವತ್ತು ನೋಟರಿ ಬರೋ ದಿನ. ಗಿರಾಕಿನೂ ಇವತ್ತೇ ಬರ್ತಾನೆ. ವಿಯೆನ್ನಾ ಕಡೆಯವನಂತೆ, ಭಾರೀ ಸಾಹೇಬ. ಅವನು ಬೀದಿಗಿಳಿದ್ರೆ ಇಡೀ ಪೇಟೆ ನಡುಗುತ್ತಂತೆ."

ಓಟಕರ್ ಟೊಪ್ಪಿಗೆಯನ್ನು ಇನ್ನೂ ಕೆಳಗೆಳೆದುಕೊಂಡ. ಇನ್ನೊಬ್ಬ ಗಿರಾಕಿ. ಲುಬೋರ್ ಹೇಳಿದ್ದೇ ಆಯಿತು. ಮೊದಲು ಇದು ಬೆಲೆ ಏರಿಸುವ ನಾಟಕ ಎಂದುಕೊಂಡ. ಆದರೆ ಈ ಮನುಷ್ಯ ಬೆಲೆಯ ಮಾತೇ ಎತ್ತಲಿಲ್ಲ. ಹೋಗಪ್ಪ, ಆಗಿಹೋಗಿದೆ ಎನ್ನುತ್ತಿದ್ದಾನೆ. ಅಂದರೆ ಆ ಗಿರಾಕಿ ನಿಜವಾದವನು. ಒಂದೇ ಮನೆಗೆ ಒಂದೇ ದಿನ ಇಬ್ಬರನ್ನು ಕರೆಸಿ, ದೋಣಿಕಟ್ಟೆಯಲ್ಲಿ ನಗುತ್ತಾ ನಿಂತಿದ್ದಾನೆ ಆ ಟೋನ್ಚಿ. ಅವನ ಕೈಗೆ ಸಿಕ್ಕಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ನೆನೆದು ಓಟಕರನಿಗೆ ಬೆವರು ಬಂತು. ಪರದೆ ಹೊಲಿಯುತ್ತಿರುವ ಯರ್ಮಿಲಾ ಕಣ್ಮುಂದೆ ಬಂದಳು. ಈ ಸಾಹೇಬನನ್ನು ಓಡಿಸದೆ ಬೇರೆ ದಾರಿಯಿರಲಿಲ್ಲ.

ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದೂ ಸುಳ್ಳು ಹೇಳದವನು, ಟೊಪ್ಪಿಗೆ ತೆಗೆದು ಎರಡನೆಯ ಮೆಟ್ಟಿಲಿನ ಮೇಲೆ ಕೂತ.

"ಆ ಕಡೆಯ ಸಾಹೇಬರನ್ನ ನಾನು ಬಲ್ಲೆ," ಎಂದ. "ಹೇಳಬಾರದು, ಆದ್ರೂ ಹೇಳ್ತೀನಿ. ಅವರಿಗೆ ಮೆಟ್ಟಿಲು ಅಂದ್ರೆ ಆಗಲ್ಲ. ಮೊದಲ ದಿನವೇ ಒಡೆದುಹಾಕಿ ಲಿಫ್ಟ್ ಹಾಕಿಸ್ತಾರೆ."

ಯೆರ್ಕೊ ಚಾಚಿದ್ದ ಕಾಲನ್ನು ಎಳೆದುಕೊಂಡ. "ಒಡೆದುಹಾಕೋದಾ? ದಿನಾ ಮಧ್ಯಾಹ್ನ ಇಲ್ಲಿ ಬಂದು ಕೂರಬಹುದು ಅಂತ ಟೋನ್ಚಿ ಮಾತು ಕೊಟ್ಟಿದಾನೆ."

"ಲಿಫ್ಟಲ್ಲಿ ಕೂರೋಕಾಗಲ್ಲ," ಎಂದ ಓಟಕರ್. "ಬಾಗಿಲು ತಾನಾಗೇ ಮುಚ್ಕೊಳ್ಳತ್ತೆ."

ಯೆರ್ಕೊ ಹದಿನಾಲ್ಕೂ ಮೆಟ್ಟಿಲನ್ನು ಒಂದೊಂದಾಗಿ ನೋಡಿದ. ಆಮೇಲೆ ಎದ್ದು, ಈ ಸುದ್ದಿ ಪಾಶ್ಕೊಗೆ ಗೊತ್ತೇ ಎಂದು ಕೇಳಿದ.

ಕೆಳಂತಸ್ತಿನ ಯಜಮಾನ ಪಾಶ್ಕೊ ಬಾಗಿಲ ಒಳಗೆ ಮರಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಒಂದು ದೋಣಿ. ಇಪ್ಪತ್ತೆರಡು ವರ್ಷದಿಂದ ಕಟ್ಟುತ್ತಿದ್ದಾನಂತೆ. ಹನ್ನೊಂದನೆಯ ವರ್ಷ ಅದು ಬಾಗಿಲಿಗಿಂತ ದೊಡ್ಡದಾಗಿಬಿಟ್ಟಿತು. ಈಗ ಗೋಡೆ ಒಡೆಯದೆ ಆಚೆ ತರುವಂತಿಲ್ಲ, ಗೋಡೆ ಒಡೆದರೆ ಮಾಂದಾಳ ಮೇಲಂತಸ್ತು ಕೆಳಗೆ ಬರುತ್ತದೆ.

"ನೀರಿಗೇ ಇಳಿಯದ ದೋಣಿ ಯಾಕೆ ಕಟ್ತೀರಿ?" ಎಂದು ಓಟಕರ್ ತಡೆಯಲಾರದೆ ಕೇಳಿದ.

"ಇಷ್ಟು ಕಟ್ಟಿದ ಮೇಲೆ ಬಿಡೋಕಾಗತ್ತಾ," ಎಂದ ಪಾಶ್ಕೊ. "ಸಾಹೇಬರು ಇದನ್ನ ಇಲ್ಲೇ ಇಟ್ಕೋತಾರಂತೆ. ಅವರಿಗೆ ದೋಣಿ ಅಂದ್ರೆ ಪ್ರಾಣವಂತೆ, ಟೋನ್ಚಿ ಹೇಳ್ದ."

ಓಟಕರ್ ದೋಣಿಯ ಬೆನ್ನು ಸವರಿ ನಿಟ್ಟುಸಿರಿಟ್ಟ. "ಒಳ್ಳೇ ಮರ. ಸಾಹೇಬರು ಹೆಂಗಸರ ಚಪ್ಪಲಿ ಇಡೋಕೆ ಮಾಡಿಸೋ ಕಪಾಟಿಗೆ ಹೇಳಿ ಮಾಡಿಸಿದ ಹಾಗಿದೆ."

ಪಾಶ್ಕೊ ಉಜ್ಜುಗೊರಡನ್ನು ಕೆಳಗಿಟ್ಟ. ಯೆರ್ಕೊ ಅಷ್ಟರಲ್ಲಿ ಲಿಫ್ಟಿನ ಕತೆಯನ್ನು ಕೈಬಾಯಿ ಸೇರಿಸಿ ಹೇಳಿ ಮುಗಿಸಿದ್ದ. ಅವನ ಬಾಯಲ್ಲಿ ಲಿಫ್ಟು ಎರಡಾಗಿತ್ತು.

ಆಮೇಲೆ ಮಾಂದಾಳ ಮನೆಗೆ ಹೋಗಬೇಕು. ಆಕೆ ಇರುತ್ತಿದ್ದದ್ದು ಚರ್ಚಿನ ಹಿಂದೆ, ತೀರಿಕೊಂಡ ಗಂಡನ ಮನೆಯಲ್ಲಿ. ದಾರಿಯಲ್ಲಿ ಹೋಟೆಲಿನವನು ಪಾಶ್ಕೊನನ್ನು ನಿಲ್ಲಿಸಿ ಏನೋ ಕೇಳಿದ, ರೊಟ್ಟಿಯಂಗಡಿಯ ಹೆಂಗಸು ಯೆರ್ಕೊನನ್ನು ನಿಲ್ಲಿಸಿ ಇನ್ನೇನೋ ಕೇಳಿದಳು. ಓಟಕರ್ ಮಾಂದಾಳ ಅಂಗಳ ತಲುಪುವ ಹೊತ್ತಿಗೆ ಅವನು ಬಿತ್ತಿದ ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಬಂದು, ಕಾಫಿ ಕುಡಿದು, ಕಾಲು ಚಾಚಿ ಕೂತಿತ್ತು.

"ನಂಗೆಲ್ಲ ಗೊತ್ತಾಯ್ತು," ಎಂದಳು ಮಾಂದಾ, ಸೊಪ್ಪು ಹೆಚ್ಚುತ್ತಾ ತಲೆಯೆತ್ತದೆ. "ಆ ಸಾಹೇಬ ಜೈಲಿಗೆ ಹೋಗಿ ಬಂದೋನಂತೆ."

"ಜೈಲಿಗಾ?" ಎಂದ ಓಟಕರ್.

"ಮೂರು ಹೆಂಡ್ರಂತೆ. ಮೂವರೂ ನೀರಲ್ಲೇ ಹೋದ್ರಂತೆ. ಅದಕ್ಕೇ ಈಗ ಸಮುದ್ರದ ಪಕ್ಕದಲ್ಲಿ ಮನೆ ಹುಡುಕ್ತಿರೋದು."

ಓಟಕರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ತಾನು ಹೇಳಿದ್ದು ಲಿಫ್ಟು ಮತ್ತು ಚಪ್ಪಲಿಯ ಕಪಾಟು ಮಾತ್ರ. ಆದರೆ ಊರಿಗೆ ಊರೇ ಹೇಳುತ್ತಿದೆ ಎಂದರೆ ಸ್ವಲ್ಪವಾದರೂ ನಿಜವಿರಲೇಬೇಕಲ್ಲ. ಎಂಥ ರಾಕ್ಷಸನ ಜೊತೆ ಪೈಪೋಟಿಗೆ ಇಳಿದಿದ್ದೇನೆ ಎಂದು ಅವನಿಗೆ ಒಳಗೊಳಗೇ ಭಯವಾಯಿತು. ಅವನು ಈಗಾಗಲೇ ದ್ವೀಪಕ್ಕೆ ಬಂದಿರಬಹುದೇ ಎಂದು ಬಾಗಿಲ ಕಡೆ ನೋಡಿದ.

"ನೀವು ನೋಡಿದೀರಾ ಅವನನ್ನ?" ಎಂದು ಮಾಂದಾ ಕೇಳಿದಳು.

"ದೂರದಿಂದ," ಎಂದ ಓಟಕರ್. "ಕಣ್ಣು ಸರಿಯಿಲ್ಲ ಅವನದು."

"ನಾನು ಹಾಗೇ ಅಂದ್ಕೊಂಡೆ. ಹೆಂಡತಿ ಕಿಟಕಿಗೆ ಪರದೆ ಹಾಕ್ತಾಳೆ, ದೇವರ ಪಟ ತೆಗೆಯಲ್ಲ ಅಂತ ಟೋನ್ಚಿ ಆಣೆ ಇಟ್ಟಿದ್ದ. ಯಾವ ಹೆಂಡ್ತಿ ಪರದೆ ಹಾಕ್ತಾಳೆ, ಎಲ್ಲಾರೂ ನೀರಿನ ತಳದಲ್ಲಿದಾರೆ."

ಆಕೆ ಸೊಪ್ಪು, ಆಲೂಗಡ್ಡೆ, ಮೀನು ಬೇಯಿಸಿದಳು. ಹತ್ತೊಂಬತ್ತು ವರ್ಷದ ಮೇಲೆ ಯೆರ್ಕೊ ಅವಳ ಮೇಜಿನ ಮುಂದೆ ಕೂತ. ಇಬ್ಬರೂ ನೇರವಾಗಿ ಮಾತಾಡಲಿಲ್ಲ. "ಅವಳಿಗೆ ಹೇಳಪ್ಪ, ಉಪ್ಪು ಕಮ್ಮಿ," ಎಂದು ಯೆರ್ಕೊ ಓಟಕರನಿಗೆ ಹೇಳುತ್ತಿದ್ದ, "ಅವನಿಗೆ ಹೇಳಿ, ಉಪ್ಪು ಅವನ ಮುಂದೇನೇ ಇದೆ," ಎಂದು ಮಾಂದಾ ಓಟಕರನಿಗೆ ಹೇಳುತ್ತಿದ್ದಳು. ಮೂರನೆಯ ಲೋಟ ದ್ರಾಕ್ಷಾರಸದ ಹೊತ್ತಿಗೆ ಓಟಕರನ ನಡುಮಾತಿಲ್ಲದೆಯೇ ಜಗಳ ಶುರುವಾಯಿತು. ಅಂದರೆ ರಾಜಿಯಾಯಿತು.

"ಈ ಪುಣ್ಯಾತ್ಮ ಬರದೇ ಇದ್ದಿದ್ರೆ ನಾವು ಹಾಳಾಗಿಹೋಗ್ತಿದ್ವಿ," ಎಂದ ಪಾಶ್ಕೊ. "ಯಾರೋ ಏನೋ, ಹೆಸರೂ ಹೇಳಲಿಲ್ಲ, ಏನೂ ಕೇಳಲಿಲ್ಲ."

ಓಟಕರ್ ಇದಕ್ಕೇ ಕಾದಿದ್ದ. ಆದರೂ ಎಚ್ಚರ ತಪ್ಪಲಿಲ್ಲ. ಈಗ ತಾನೇ ಕೊಳ್ಳುತ್ತೇನೆಂದರೆ ಅನುಮಾನ ಬರುತ್ತದೆ. ಮೊದಲು ಆ ಸಾಹೇಬನ ದಾರಿಯನ್ನು ಗಟ್ಟಿಯಾಗಿ ಮುಚ್ಚಬೇಕು. ಇವರು ಒಳ್ಳೆಯ ಜನ, ಅದೇ ತೊಂದರೆ. ಟೋನ್ಚಿ ಬಂದು ಎರಡು ಸಿಹಿ ಮಾತಾಡಿದರೆ ಕರಗಿಬಿಡುತ್ತಾರೆ.

"ಬಾಯಿಮಾತು ಸಾಲದು," ಎಂದ. "ಟೋನ್ಚಿಗೆ ನೀವು ಆಗ್ಲೇ ಮಾತು ಕೊಟ್ಟಿದೀರಿ. ಅದನ್ನ ಮುರೀಬೇಕಾದ್ರೆ ಬರಹದಲ್ಲಿ ಮುರೀಬೇಕು. ನೋಟರಿ ಎಲ್ಲಿ ಕೂರ್ತಾರೆ?"

ನೋಟರಿ ನೆವೆಂಕಾ ತಿಂಗಳಿಗೊಮ್ಮೆ ದ್ವೀಪಕ್ಕೆ ಬಂದು, ಬೆಂಕಿ ಆರಿಸುವವರ ಶೆಡ್ಡಿನಲ್ಲಿ, ನೀರಿನ ಲಾರಿಯ ಪಕ್ಕ ಮೇಜು ಹಾಕಿಕೊಂಡು ಐದು ಗಂಟೆಯವರೆಗೆ ಕೂರುತ್ತಿದ್ದಳು. ನಾಲ್ವರೂ ಹೋದಾಗ ಮೂರೂವರೆ. ಹಿಂದೆ ಅರ್ಧ ಊರು ಬಂದಿತ್ತು.

"ಏನು ಬರೀಬೇಕು?" ಎಂದಳು ನೆವೆಂಕಾ.

ಓಟಕರ್ ಕೈ ಹಿಂದೆ ಕಟ್ಟಿಕೊಂಡು, ನೌಕರಿಯ ದಿನಗಳಲ್ಲಿ ಮಹಜರು ಬರೆಸುತ್ತಿದ್ದ ಧಾಟಿಯಲ್ಲಿ ಅತ್ತಿತ್ತ ನಡೆಯುತ್ತಾ ಹೇಳತೊಡಗಿದ. ಟೋನ್ಚಿಯ ಕರಾರಿನಲ್ಲಿ ಕೊಳ್ಳುವವನೆಂದು ಯಾರ ಹೆಸರಿದೆಯೋ ಆ ವ್ಯಕ್ತಿಗೆ ಸದರಿ ಮನೆಯನ್ನಾಗಲಿ, ಮೆಟ್ಟಿಲನ್ನಾಗಲಿ, ದೋಣಿಯನ್ನಾಗಲಿ ಎಂದೆಂದಿಗೂ ಮಾರತಕ್ಕದ್ದಲ್ಲ. ಬಾಡಿಗೆಗೆ ಕೊಡತಕ್ಕದ್ದಲ್ಲ. ದಾನ ಕೊಡತಕ್ಕದ್ದಲ್ಲ. ಆ ವ್ಯಕ್ತಿ ಮೆಟ್ಟಿಲಿನ ಮೇಲೆ ಕಾಲಿಡತಕ್ಕದ್ದಲ್ಲ, ಏಣಿ ಹಾಕಿಯೂ ಹತ್ತತಕ್ಕದ್ದಲ್ಲ.

"ಏಣಿ ಒಳ್ಳೇದಾಯ್ತು," ಎಂದಳು ಮಾಂದಾ.

"ವೇಷ ಹಾಕ್ಕೊಂಡು ಬಂದ್ರೆ?" ಎಂದ ಯೆರ್ಕೊ.

"ಬರೀರಿ," ಎಂದ ಓಟಕರ್. "ವೇಷ ಮರೆಸಿಕೊಂಡಾಗಲಿ, ಬೇರೆಯವನೆಂದು ಹೇಳಿಕೊಂಡಾಗಲಿ ಬಂದರೂ ಈ ನಿಷೇಧ ಅನ್ವಯಿಸುತ್ತದೆ. ಮುಂದೆ ಮನೆಯನ್ನು ಯಾರೇ ಕೊಂಡರೂ ಈ ಷರತ್ತು ಮನೆಯ ಜೊತೆಗೇ ಹೋಗತಕ್ಕದ್ದು."

ನೆವೆಂಕಾ ಬರೆಯುವುದನ್ನು ನಿಲ್ಲಿಸಿ ಅವನನ್ನು ಮೆಚ್ಚುಗೆಯಿಂದ ನೋಡಿದಳು. "ಇಪ್ಪತ್ತು ವರ್ಷದಲ್ಲಿ ಇಷ್ಟು ಭದ್ರವಾದ ಕಾಗದ ನಾನೇ ಬರೆದಿಲ್ಲ. ನೀವು ವಕೀಲರಾ?"

"ಅಲ್ಲ. ಸ್ವಲ್ಪ ಎಚ್ಚರಿಕೆಯ ಮನುಷ್ಯ, ಅಷ್ಟೇ."

ಮೂವರೂ ಸಹಿ ಹಾಕಿದರು. ನೆವೆಂಕಾ ಮುದ್ರೆ ಒತ್ತಿದಳು. ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಓಟಕರನಿಗೆ ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರು ಹೊರಬಂತು. ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು, ಜೀವನದಲ್ಲಿ ಮೊದಲ ಸಲ ಯಾವುದನ್ನೂ ಅಳೆದು ನೋಡದೆ ಮಾತಾಡಿದ.

"ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ನಾನು ಗೋಡೆ ನೋಡೋಕೆ ಬಂದೋನಲ್ಲ. ನಂಗೂ ಆ ಮನೆ ಬೇಕು. ನನ್ನ ಹೆಂಡತಿಗೆ ಅದರ ಮೇಲೆ ಜೀವ. ಮೆಟ್ಟಿಲು ಒಡೆಯಲ್ಲ, ದೋಣಿ ಮುಟ್ಟಲ್ಲ, ದೇವರ ಪಟ ಇದ್ದಲ್ಲೇ ಇರತ್ತೆ. ನೀವು ಒಪ್ಪಿದ್ರೆ ಈಗಲೇ ಬರೆಸೋಣ."

ಮಾಂದಾ ಕಣ್ಣೊರೆಸಿಕೊಂಡಳು. "ನಿಮಗಲ್ದೆ ಇನ್ಯಾರಿಗೆ ಕೊಡೋಣ ತಂದೆ," ಎಂದಳು. ಯೆರ್ಕೊ ಅವನನ್ನು ತಬ್ಬಿಕೊಂಡ. ಪಾಶ್ಕೊ ದೋಣಿಗೆ ಓಟಕರನ ಹೆಂಡತಿಯ ಹೆಸರೇ ಇಡುತ್ತೇನೆಂದ.

"ಹಾಗಾದ್ರೆ ನಿಮ್ಮ ಗುರುತಿನ ಚೀಟಿ ಕೊಡಿ," ಎಂದಳು ನೆವೆಂಕಾ.

ಓಟಕರ್ ಎಲ್ಲರಿಗೂ ಬೆನ್ನು ಮಾಡಿ, ಷರಾಯಿಯ ಒಳಗೆ ಯರ್ಮಿಲಾ ಹೊಲಿದುಕೊಟ್ಟಿದ್ದ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅದೇ ಹೊತ್ತಿಗೆ ಜನರನ್ನು ಸರಿಸಿಕೊಂಡು ಟೋನ್ಚಿ ಒಳಬಂದ. ಬೆಳಗಿನಿಂದ ಬಿಸಿಲಲ್ಲಿ ನಿಂತು ಅವನ ಮೂಗು ಟೊಮೆಟೊ ಹಣ್ಣಾಗಿತ್ತು.

"ಮೇಡಂ, ನನ್ನ ಗಿರಾಕಿ ಬರಲೇ ಇಲ್ಲ," ಎಂದು ಕುರ್ಚಿಯ ಮೇಲೆ ಕುಸಿದ. "ಫೋನೂ ತೆಗೀತಿಲ್ಲ. ಸಮುದ್ರಕ್ಕೆ ಬಿದ್ನೋ ಏನೋ ಅಂತ ಮೀನಿನ ದೋಣಿಯವರನ್ನೂ ಕೇಳಿಸಿದೆ. ಕರಾರು ಎಲ್ಲ ತಯಾರಿದೆ. ಇನ್ನೊಂದು ತಿಂಗಳು ಮುಂದಕ್ಕೆ ಹಾಕಿಕೊಡಿ."

"ನಿನ್ನ ಸಾಹೇಬನಿಗೆ ನಾವು ಬೀಗ ಜಡಿದಾಯ್ತು ಬಿಡು," ಎಂದ ಯೆರ್ಕೊ ಗೆದ್ದವನಂತೆ. "ಅವನ ಹೆಸರಾದ್ರೂ ಓದಿ ಹೇಳಿ ಮೇಡಂ, ಕಾಗದದಲ್ಲಿ ತುಂಬಿಬಿಡೋಣ."

ನೆವೆಂಕಾ ಟೋನ್ಚಿ ತಂದ ಕರಾರನ್ನು ಬಿಚ್ಚಿ ಮೊದಲ ಸಾಲು ನೋಡಿದಳು. ಆಮೇಲೆ ಗುರುತಿನ ಚೀಟಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಓಟಕರ್ ವರ್ಬಿಕ್," ಎಂದು ಕರಾರಿನಿಂದ ಓದಿದಳು. "ಓಟಕರ್ ವರ್ಬಿಕ್," ಎಂದು ಚೀಟಿಯಿಂದಲೂ ಓದಿದಳು.

ಮಾಂದಾ ಎರಡು ಹೆಜ್ಜೆ ಹಿಂದೆ ಸರಿದು ಶಿಲುಬೆಯ ಗುರುತು ಮಾಡಿಕೊಂಡಳು.

"ಆದ್ರೆ ಅವನು ದೊಡ್ಡ ಸಾಹೇಬ ಅಂದ್ರಲ್ಲ," ಎಂದ ಓಟಕರ್. "ಪೇಟೆಯೆಲ್ಲ ನಡುಗತ್ತೆ ಅಂದ್ರಲ್ಲ."

"ನಿಮ್ಮ ಹೆಂಡತೀನೇ ಅಲ್ವಾ ಹೇಳಿದ್ದು," ಎಂದ ಟೋನ್ಚಿ, ಅಳುವುದೋ ನಗುವುದೋ ತಿಳಿಯದೆ. "ನೀವು ಬೀದಿಗೆ ಬಂದ್ರೆ ಅಂಗಡಿಯವರೆಲ್ಲ ತಕ್ಕಡಿ ಒರೆಸ್ಕೋತಾರೆ ಅಂತ. ನಾನು ಸ್ವಲ್ಪ ಬಣ್ಣ ಹಚ್ಚಿದೆ. ಬರ್ನೊ ಅಂದ್ರೆ ಇವರಿಗೆ ಗೊತ್ತಾಗಲ್ಲ ಅಂತ ಹತ್ತಿರದ ವಿಯೆನ್ನಾ ಹೆಸರು ಹೇಳಿದೆ. ಇವರು ಸಾಮಾನ್ಯರಿಗೆ ಒಪ್ತಿರಲಿಲ್ಲ ಸ್ವಾಮಿ. ಮೂರು ತಿಂಗಳು, ವಾರಕ್ಕೆರಡು ಸಲ, ಮೂರು ಮನೇಲೂ ಕೂತು, ಆ ದೋಣಿಗೆ ಬಣ್ಣ ಕೂಡ ಬಳಿದು ಒಪ್ಪಿಸಿದ್ದೆ. ನಿಮಗೋಸ್ಕರ."

ಓಟಕರ್ ಮೂವರ ಕಡೆ ತಿರುಗಿದ. "ಅದೆಲ್ಲ ಸುಳ್ಳು. ನಾನೇ ಕಟ್ಟಿ ಹೇಳಿದ್ದು. ಲಿಫ್ಟು ಇಲ್ಲ, ಕಪಾಟು ಇಲ್ಲ."

"ಜೈಲು?" ಎಂದಳು ಮಾಂದಾ.

"ಜೈಲು ನಾನು ಹೇಳ್ಲೇ ಇಲ್ಲ."

"ಇಲ್ಲ ಅಂತಾನೂ ಹೇಳಲಿಲ್ಲ."

"ತನ್ನ ಬಗ್ಗೆನೇ ಇಷ್ಟು ಕೆಟ್ಟದಾಗಿ ಮಾತಾಡೋನು," ಎಂದ ಯೆರ್ಕೊ ಪಾಶ್ಕೊಗೆ, "ನಾಳೆ ನಮ್ಮ ಬಗ್ಗೆ ಏನು ಮಾತಾಡ್ತಾನೋ."

"ವೇಷ ಮರೆಸ್ಕೊಂಡು, ಬೇರೆಯವನು ಅಂತ ಹೇಳ್ಕೊಂಡು ಬಂದ್ರೂನು ಅಂತ ಬರ್ಸಿದೀವಲ್ಲ," ಎಂದ ಪಾಶ್ಕೊ. "ಒಳ್ಳೇ ಕೆಲಸ ಆಯ್ತು. ಬಂದೇಬಿಟ್ಟ ನೋಡು."

ಓಟಕರ್ ನೆವೆಂಕಾಳತ್ತ ನೋಡಿದ. ಆಕೆ ಕಾಗದವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ ತಲೆಯಾಡಿಸಿದಳು. ಒಂದು ಬಿರುಕಿಲ್ಲ, ಒಂದು ಸಂದಿಯಿಲ್ಲ. ಯಾವ ಅಂಗಡಿಯವನೂ ತಪ್ಪಿಸಿಕೊಳ್ಳಲಾರದ ಹಾಗೆ ಬರೆದ ಕಾಗದದಲ್ಲಿ ಅವನೇ ಸಿಕ್ಕಿಬಿದ್ದಿದ್ದ. ಅವನಿಗೆ ಅಳು ಬಂತು. ಮುಚ್ಚಿಕೊಳ್ಳದೆ ಅತ್ತ. ಮನೆ ಹೋದದ್ದಕ್ಕಿಂತ, ಯರ್ಮಿಲಾಳಿಗೆ ಏನು ಹೇಳುವುದೆಂಬ ಸಂಕಟ ದೊಡ್ಡದಾಗಿತ್ತು.

ಅವನು ಅತ್ತದ್ದು ನೋಡಿ ನೆವೆಂಕಾಳಿಗೆ ಕನಿಕರವಾಯಿತು. "ಒಂದು ದಾರಿ ಇದೆ," ಎಂದಳು. "ಈ ಕಾಗದದಲ್ಲಿ ಹೆಂಡತಿ ಮಾತಿಲ್ಲ. ನೀವು ಅದೊಂದನ್ನ ಮರೆತಿದೀರಿ. ಇವರು ಒಪ್ಪಿದ್ರೆ ಅವರ ಹೆಸರಿಗೆ ಮಾರಬಹುದು. ಇವತ್ತು ಇವರ ಒಪ್ಪಿಗೆ ಬರ್ದಿಡ್ತೀನಿ, ಮುಂದಿನ ತಿಂಗಳು ಅವರು ಬಂದು ಸಹಿ ಹಾಕಲಿ."

ಓಟಕರ್ ಬೆಳಗಿನಿಂದ ಆರಿಸಿಟ್ಟಿದ್ದ ಫೋನು ಹಚ್ಚಿ ಹೆಂಡತಿಗೆ ಕರೆ ಮಾಡಿದ. ಇಪ್ಪತ್ತಾರು ಸಲ ಕರೆ ಮಾಡಿದ್ದ ಯರ್ಮಿಲಾ ಮೊದಲ ರಿಂಗಿಗೇ ಎತ್ತಿಕೊಂಡಳು. ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟು ಅವನು ನಡೆದದ್ದನ್ನೆಲ್ಲ ಹೇಳಿದ.

"ಮೊದ್ಲು ನೀನು ಬದುಕಿದೀಯಾ ಅಂತ ಹೇಳಮ್ಮ," ಎಂದಳು ಮಾಂದಾ ಫೋನಿನತ್ತ ಬಾಗಿ.

"ಬದುಕಿದೀನಿ. ಮೂವತ್ತನಾಲ್ಕು ವರ್ಷದಿಂದ."

"ಇನ್ನಿಬ್ಬರು?"

"ನಾನೊಬ್ಳೇ. ಇವರು ಇನ್ನೊಬ್ಬಳನ್ನ ಹುಡುಕಬೇಕಾದ್ರೆ ಎಷ್ಟು ವಿಚಾರಿಸಬೇಕು ಹೇಳಿ, ಆಗೋ ಕೆಲಸಾನಾ."

ಮಾಂದಾ ಮೊದಲ ಸಲ ನಕ್ಕಳು. ಯೆರ್ಕೊ ಮೆಟ್ಟಿಲ ಬಗ್ಗೆ ಕೇಳಿದ. ಅವಳು ಮೂರನೆಯ ಮೆಟ್ಟಿಲಿಗೆ ಒಂದು ದಿಂಬು ಹೊಲಿದು ತರುತ್ತೇನೆಂದಳು. ಪಾಶ್ಕೊ ದೋಣಿಯ ಬಗ್ಗೆ ಕೇಳಿದ. ಸೆಕೆಗಾಲದಲ್ಲಿ ಅದರಲ್ಲೇ ಮಲಗಬಹುದಾ ಎಂದು ಅವಳು ಕೇಳಿದಳು. ಇಬ್ಬರು ಮಲಗಬಹುದು ಎಂದು ಪಾಶ್ಕೊ ಫೋನಿಗೇ ಕೈಚಾಚಿ ಅಳತೆ ತೋರಿಸಿದ. ಐದು ನಿಮಿಷದಲ್ಲಿ ಮೂವರೂ ಒಪ್ಪಿದರು. ಟೋನ್ಚಿ ಕುರ್ಚಿಯಿಂದ ಎದ್ದು ಓಟಕರನ ಕೈಕುಲುಕಿದ, ಓಟಕರ್ ಕೈ ಎಳೆದುಕೊಳ್ಳಲಿಲ್ಲ.

"ಒಂದು ತೊಡಕು," ಎಂದಳು ನೆವೆಂಕಾ. "ಆ ಷರತ್ತು ಮನೆ ಜೊತೆಗೇ ಹೋಗತ್ತೆ. ನಿಮ್ಮ ಗಂಡ ಮೆಟ್ಟಿಲು ಹತ್ತೋ ಹಾಗಿಲ್ಲ."

"ಅದನ್ನ ಹೊಡೆದುಹಾಕಿದ್ರಾಯ್ತು," ಎಂದ ಓಟಕರ್ ಕಣ್ಣೊರೆಸಿಕೊಂಡು.

"ಹೊಡೆದುಹಾಕಬಹುದು. ಆದ್ರೆ ಕೊಳ್ಳೋರು ಕೇಳಬೇಕು. ಅವರ ಇಷ್ಟ."

ಓಟಕರ್ ನಕ್ಕ. ಬೆಳಗಿನಿಂದ ಮೊದಲ ಸಲ ಹೊಟ್ಟೆ ತುಂಬ ನಕ್ಕ. "ಕೊಳ್ಳೋಳು ನನ್ನ ಹೆಂಡತಿ," ಎಂದು ಎಲ್ಲರಿಗೂ ಹೇಳಿದ.

ಫೋನಿನಲ್ಲಿ ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು.

"ಆ ಷರತ್ತನ್ನ ಒಂದ್ಸಲ ಓದ್ತೀರಾ ಮೇಡಂ?" ಎಂದಳು ಯರ್ಮಿಲಾ.

ನೆವೆಂಕಾ ಮೊದಲಿನಿಂದ ಕೊನೆಯವರೆಗೆ ಓದಿದಳು.

"ಏಣಿ ಹಾಕ್ಕೊಂಡೂ ಹತ್ತೋ ಹಾಗಿಲ್ವಾ?"

"ಇಲ್ಲ."

"ಬರ್ದದ್ದು ಯಾರು?"

"ನಿಮ್ಮ ಯಜಮಾನರೇ."

"ಅವರು ಬರ್ದದ್ದು ಅಂದ್ಮೇಲೆ ಎಲ್ಲ ಯೋಚನೆ ಮಾಡೇ ಬರ್ದಿರ್ತಾರೆ," ಎಂದಳು ಯರ್ಮಿಲಾ ಮೆತ್ತಗೆ. "ಹಾಗೇ ಇರಲಿ ಬಿಡಿ."